ಮೂರನೆಯದಕ್ಕೆ ಮಾತ್ರ

ಮೂರನೇ ತೂಕದ ಯಂತ್ರದ ಅಂಕಿ ಕಂಪ್ಯೂಟರಿನ ಪರದೆಯ ಮೇಲೆ ಹಾಗೇ ನಿಂತುಬಿಟ್ಟಿತು. ಯಂತ್ರದ ಪಕ್ಕದಲ್ಲಿ ಹಮಾಲಿ ದುರ್ಗಯ್ಯ ಸೊಂಟ ಹಿಡಿದುಕೊಂಡು ಕೊಬ್ಬರಿ ಚೀಲಕ್ಕೆ ಒರಗಿದ. ಮಂಡಿಯ ಯಜಮಾನ ಏಕಾಂತಯ್ಯನವರು ನಸೀಮ್ ಬಾನು ಕೂತಿದ್ದ ಮೇಜಿಗೆ ಬಂದರು. ಯಂತ್ರಗಳ ತೂಕವನ್ನು ಕಂಪ್ಯೂಟರಿಗೆ ದಾಖಲಿಸುವ ಪ್ರೋಗ್ರಾಂ ಬರೆದವಳು ಅವಳೇ.

"ಆಫ್ ಮಾಡಿ ಆನ್ ಮಾಡಮ್ಮ, ಸರಿಹೋಯ್ತದೆ."

"ಬೇಡಿ ಸಾರ್. ಐದು ಯಂತ್ರಕ್ಕೂ ಒಂದೇ ಪ್ರೋಗ್ರಾಂ. ನಿಲ್ಲಿಸಿದ್ರೆ ಬೆಳಿಗ್ಗೆಯಿಂದ ತೂಗಿದ್ದೆಲ್ಲ ಅಳಿಸಿಹೋಗುತ್ತೆ. ಇನ್ನೂರು ಚೀಲ ಮತ್ತೆ ತೂಗಬೇಕಾಗುತ್ತೆ."

ದುರ್ಗಯ್ಯ ತಲೆಯೆತ್ತಿ ನೋಡಿದ. ಮೊದಲಾದರೆ ಪ್ರತಿ ಚೀಲದ ಮೇಲೂ ತೂಕವನ್ನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ನಾಲ್ಕು ದಿನದ ಹಿಂದೆ ಕಂಪ್ಯೂಟರ್ ಬಂದ ಗಳಿಗೆಯಲ್ಲೇ ಏಕಾಂತಯ್ಯನವರು ಸೀಮೆಸುಣ್ಣಕ್ಕೆ ರಜೆ ಕೊಟ್ಟಿದ್ದರು. ಹೊಸದು ಬಂತೆಂದರೆ ಹಳೆಯದನ್ನು ಓಡಿಸುವವರೆಗೂ ನಮ್ಮ ಯಜಮಾನರಿಗೆ ಸಮಾಧಾನವಿಲ್ಲ.

ನಾಲ್ಕು ದಿನದಿಂದ ಸರಿಯಾಗಿ ನಿದ್ದೆಯಿಲ್ಲದೆ ನಸೀಮ್‌ಳ ಕಣ್ಣು ಉರಿಯುತ್ತಿತ್ತು. ಆದರೂ ದಾರಿಯೊಂದಿತ್ತು. ಪ್ರೋಗ್ರಾಮಿನೊಳಗೆ ಒಂದೊಂದು ಯಂತ್ರವನ್ನೂ ಒಂದೊಂದು ಥ್ರೆಡ್ ನೋಡಿಕೊಳ್ಳುತ್ತದೆ, ಒಂದೇ ಮನೆಯ ಐವರು ಆಳುಗಳ ಹಾಗೆ. ಈಗ ಮಂಕಾಗಿ ಕೂತಿರುವುದು ಮೂರನೆಯದು ಮಾತ್ರ. ಅದರ ನಂಬರ್ ಕೊಟ್ಟು, ಅದೊಂದಕ್ಕೇ ಸಿಗ್ನಲ್ ಮುಟ್ಟಿಸು ಎಂದು ಆಪರೇಟಿಂಗ್ ಸಿಸ್ಟಮ್ಮನ್ನು ಕೇಳಿದರೆ ಸಾಕು, ಎದ್ದು ಕೆಲಸ ಹಿಡಿಯುತ್ತದೆ. ಮಿಕ್ಕ ನಾಲ್ಕಕ್ಕೆ ಸುದ್ದಿಯೂ ತಿಳಿಯುವುದಿಲ್ಲ.

ನಂಬರನ್ನು ಎರಡು ಸಲ ಓದಿಕೊಂಡು ಕಳಿಸಿದಳು.

ಐದೂ ಅಂಕಿಗಳು ಒಟ್ಟಿಗೇ ಮಾಯವಾದವು.

"ಇದೇನಾಯ್ತಮ್ಮ?"

ನಸೀಮ್ ತಾನು ಬರೆದದ್ದನ್ನೇ ಮತ್ತೆ ಓದಿದಳು. ಸಿಗ್ನಲ್ ಮೂರನೆಯದಕ್ಕೇ ಹೋಗಿತ್ತು. ಆದರೆ ಸಿಗ್ನಲ್ ಬಂದಾಗ ಏನು ಮಾಡಬೇಕು ಎಂದು ಪ್ರೋಗ್ರಾಮಿನಲ್ಲಿ ಬರೆಯುವುದನ್ನೇ ಅವಳು ಮರೆತಿದ್ದಳು. ಹಾಗೆ ಬರೆಯದಿದ್ದರೆ, ಕಳಿಸಿದ್ದು ಒಂದಕ್ಕೇ ಆದರೂ ಸಿಸ್ಟಮ್ ಇಡೀ ಪ್ರೋಗ್ರಾಮನ್ನೇ ಮುಗಿಸಿಬಿಡುತ್ತದೆ. ಗೊತ್ತಿದ್ದ ಸಂಗತಿಯೇ, ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಏಕಾಂತಯ್ಯನವರು ಅತ್ತ ತಿರುಗಿ ರೇಗಿದರು. "ಏನ್ ದುರ್ಗಯ್ಯ, ಕೆಟ್ಟಿದ್ದು ನಿನ್ ಮಿಷಿನ್ನೇ ಕಣಯ್ಯ! ಚೀಲಾನ ಹಂಗೆ ಎತ್ತಿ ಕುಕ್ಕಿದ್ರೆ ಇನ್ನೇನಾಯ್ತದೆ?"

ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನಸೀಮ್ ಎದ್ದು ನಿಂತಳು.

"ಅವರದ್ದಲ್ಲ ಸಾರ್, ತಪ್ಪು ನಂದು." ದುರ್ಗಯ್ಯನ ಕಡೆ ತಿರುಗಿ ಇನ್ನೊಮ್ಮೆ ಹೇಳಿದಳು, "ತಪ್ಪು ನಂದೇ ಕಣಪ್ಪ."

ದುರ್ಗಯ್ಯ ಟವಲ್ಲನ್ನು ತಲೆಗೆ ಸುತ್ತಿ, ಮೊದಲ ಚೀಲಕ್ಕೆ ಕೊಕ್ಕೆ ಹಾಕಿದ.

"ಯಾರ್ದಾದ್ರೇನು ಬುಡವ್ವ," ಎಂದ. "ಎತ್ತೋರು ನಾವೇ ಅಲ್ವಾ."