ಇಬ್ಬರ ಪ್ರಾಜೆಕ್ಟು

ಕಾಲೇಜಿನ ಲ್ಯಾಬಿನಲ್ಲಿ ಹೊಸ ಸಾಫ್ಟ್‌ವೇರ್ ಹಾಕಿಕೊಳ್ಳಲು ಬಿಡುತ್ತಿರಲಿಲ್ಲ. ತಾರಿಣಿಯ ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ. ಗೆಳತಿ ಸಿಂಚನಾ ಒಂದು ಪೆನ್‌ಡ್ರೈವಿನಲ್ಲೇ ಕೋಡ್ ಎಡಿಟರನ್ನೂ ಗಿಟ್ ಎಂಬ ಸಾಫ್ಟ್‌ವೇರನ್ನೂ ಜೋಡಿಸಿಕೊಟ್ಟಳು.

"ಯಾವ ಸಿಸ್ಟಮ್ಮಿಗೆ ಹಾಕಿದ್ರೂ ನಡೆಯುತ್ತೆ ಕಣೇ. ಯಾರು ಏನು ಬರೆದ್ರು ಅಂತ ಗಿಟ್ಟೇ ದಾಖಲೆ ಇಟ್ಕೊಳ್ಳುತ್ತೆ. ಹೆಸರು ಗಿಸರು ಎಲ್ಲಾ ನಾನೇ ತುಂಬಿದ್ದೀನಿ."

ತಾರಿಣಿಯ ಕಣ್ಣು ತುಂಬಿ ಬಂತು. ಇಬ್ಬರಿಗೂ ಸೇರಿಸಿ ಕೊಟ್ಟಿದ್ದ ಪ್ರಾಜೆಕ್ಟನ್ನು ನಾಲ್ಕು ತಿಂಗಳು ಕೂತು ತಾನೊಬ್ಬಳೇ ಬರೆದು ಮುಗಿಸಿದಳು.

ಪರೀಕ್ಷೆಯ ದಿನ ಮೇಷ್ಟ್ರು, "ಇದರಲ್ಲಿ ಯಾರ ಕೆಲಸ ಎಷ್ಟು?" ಎಂದು ಕೇಳಿದರು.

ಗೆಳತಿಗೆ ಅವಮಾನವಾಗಬಾರದೆಂದು ತಾರಿಣಿಯೇ ಬಾಯಿಬಿಟ್ಟಳು. "ಇಬ್ರೂ ಸೇರಿ ಮಾಡಿದ್ವಿ ಸರ್."

ಮೇಷ್ಟ್ರು ದಾಖಲೆ ತೆರೆದು ಕೊನೆಯವರೆಗೂ ನೋಡಿದರು.

"ಸುಳ್ಳು ಯಾಕಮ್ಮ ಹೇಳ್ತೀಯ? ಪ್ರತಿ ಸಾಲೂ ಸಿಂಚನಾ ಹೆಸರಲ್ಲೇ ಇದೆಯಲ್ಲ!"

ತಾರಿಣಿ ಗೆಳತಿಯತ್ತ ತಿರುಗಿದಳು.

"ಹೋಗ್ಲಿ ಬಿಡಿ ಸರ್," ಎಂದಳು ಸಿಂಚನಾ, "ಪಾಪ, ಅವಳಿಗೂ ಪಾಸ್ ಮಾರ್ಕ್ಸ್ ಕೊಟ್ಬಿಡಿ."