ಚಕ್ರದ ಮೇಲಿನ ಕುಂಕುಮ

ಹಳೆಯ ಕಾರ್ವೆಟ್ ಕಾರಿಗೆ ಎಂಜಿನ್ ಮುಂದೆ, ಹೊಸದಕ್ಕೆ ಸೀಟಿನ ಬೆನ್ನಿಗೆ. ಹೊಸದು ಓಟದಲ್ಲಿ ಹಳೆಯದನ್ನು ಮೀರಿಸುತ್ತದೆ, ಆದರೆ ಅದಕ್ಕೆ ನಮ್ಮ ದಾರಿಗಳು ಗೊತ್ತಿಲ್ಲ. ಅದಕ್ಕೇ ಹಳೆಯ ಕಾರಿನ ನೆನಪನ್ನು ಹೊಸದಕ್ಕೆ ತುಂಬಿ ಕಳಿಸುತ್ತೇವೆ. ಮೈಸೂರಿನಲ್ಲಿ ಆ ಕೆಲಸ ನನ್ನದು.

ಹಳೆಯ ಕಾರಿನ ಯಜಮಾನ ದೇವಯ್ಯನವರು ಊರುಗೋಲು ಊರಿಕೊಂಡು ಬಂದರು.

"ಚೌಡಣ್ಣ, ನನ್ನ ಕಾಲು ಹೋದ ದಿನದ್ದು ಅಳಿಸಿಬಿಡು. ನಾನು ಹುಚ್ಚನ ಥರ ಓಡಿಸಿದ್ದು ಈ ಹೊಸ ಸೊಸೆಗೆ ಯಾಕೆ ಗೊತ್ತಾಗ್ಬೇಕು?" ಎಂದು ಹೊಸ ಕಾರನ್ನು ತಟ್ಟಿ ನಕ್ಕರು.

ಹದಿನೆಂಟು ವರ್ಷದಿಂದ ಅವರು ಹಾಗೆಯೇ ನಂಬಿದ್ದಾರೆ.

ಅದು ಆಯುಧಪೂಜೆಯ ಮಾರನೆಯ ದಿನ. ಬಿಗಿದ ನಟ್ಟಿಗೆ ಕೆಂಪು ಬಣ್ಣದ ಚುಕ್ಕೆ ಇಡುವುದು ನನ್ನ ಪದ್ಧತಿ. ಆ ಬೆಳಿಗ್ಗೆ, ನಾನೇ ಹಾಕಿದ್ದ ಚಕ್ರದ ನಟ್ಟುಗಳ ಮೇಲೆ ಕೆಂಪು ಕಂಡಿತು. ಬಿಗಿದಾಗಿದೆ ಎಂದುಕೊಂಡು ಕಾರು ಕೊಟ್ಟುಬಿಟ್ಟೆ. ಅದು ಪೂಜೆಯ ಕುಂಕುಮ. ದಾರಿಯಲ್ಲಿ ಚಕ್ರವೇ ಕಳಚಿತು. ಇದು ನನಗೆ ಗೊತ್ತು, ಹಳೆಯ ಕಾರಿಗೆ ಗೊತ್ತು. ಕೇಳಿದರೆ ಮಾತಾಡುತ್ತದೆ, ಕೇಳದೆ ಏನನ್ನೂ ಹೇಳುವ ಜಾತಿಯಲ್ಲ ಅದು.

ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ತೆಗೆದೆ.

"ಸ್ವಾಮೀ, ಅಳಿಸೋಕೆ ಮುಂಚೆ ನಿಮ್ಮ ಹಳೇ ಕಾರನ್ನೇ ಒಂದ್ಸಲ ಕೇಳಿ. ಆವತ್ತು ಎಷ್ಟು ಸ್ಪೀಡಲ್ಲಿದ್ದೆ ಅಂತ ಕೇಳಿ. ಆಮೇಲೆ, ಚಕ್ರ ಹಾಕಿದ್ದು ಯಾರು ಅಂತ ಕೇಳಿ."