ಕಾಲಡಿಯ ಬೇರು

ಕೊನೆಯ ಬಲೆಯಲ್ಲೂ ಹಾವು ಬಿದ್ದಿರಲಿಲ್ಲ. ಸೊಂಟದಾಳದ ನೀರಿನಲ್ಲಿ ನಿಂತಿದ್ದ ಸಂಶೋಧಕಿ ಬಲೆಯನ್ನೆತ್ತಿ ದೋಣಿಯಲ್ಲಿದ್ದ ಭಾವನ ಕೈಗೆ ಕೊಟ್ಟಳು. ಆಸೆ ತೋರಿಸಲು ಒಳಗೆ ಬಿಟ್ಟಿದ್ದ ಹಾವುಮೀನು ಜೀವಂತವಾಗಿಯೇ ಇತ್ತು, ಮೂಲೆಯಲ್ಲಿ ಮುದುಡಿಕೊಂಡು.

"ಇವತ್ತೂ ಕೈಕೊಡ್ತಾ ನಿನ್ನ ಹಾವು?" ಎಂದ ಭಾವ. "ಈ ಮೀನು ನೋಡು, ಯಾರನ್ನೋ ಕಂಡು ಹೆದರಿದ ಹಾಗಿದೆ."

ಅವಳಿಗೆ ನಗು ಬರಲಿಲ್ಲ. ಕಪ್ಪು ಬೆನ್ನು, ಅದರುದ್ದಕ್ಕೂ ಮೂರು ಕೆಂಪು ಗೆರೆ, ಹಳದಿ ಹೊಟ್ಟೆ; ಇಟ್ಟಿಗೆ ಕಾರ್ಖಾನೆಯ ಹಿಂದಿನ ಈ ಹೊಂಡದಲ್ಲಿ ಅಂಥ ಹಾವು ಕಂಡೆ ಎಂದು ಅಪ್ಪ ಒಮ್ಮೆ ಬಾಯಿಬಿಟ್ಟಿದ್ದೇ ತಪ್ಪಾಯಿತು. ಸಾಯುವವರೆಗೂ ಜನ ಅವರನ್ನು 'ಬುರುಡೆ ಮೇಷ್ಟ್ರು' ಎಂದೇ ಕರೆದರು. ನಾಳೆ ಲಾರಿಗಳು ಮಣ್ಣು ಸುರಿದು ಹೊಂಡ ಮುಚ್ಚಲಿದ್ದವು. ಇವತ್ತು ಹಾವು ಸಿಗದಿದ್ದರೆ ಅಪ್ಪನ ಮಾತೂ ಅದರಡಿಯಲ್ಲೇ ಹೂತುಹೋಗುತ್ತಿತ್ತು.

ಈ ಜಾತಿಯದೆಂದು ಅವಳು ನೋಡಿದ್ದು ಸಂಗ್ರಹಾಲಯದ ಸೀಸೆಯಲ್ಲಿದ್ದ ಒಂದೇ ಒಂದು ಹಾವು. ಗೇಣುದ್ದ, ಬಣ್ಣ ಮಾಸಿ ಬೂದಿಯಾಗಿತ್ತು. ಅದರ ಅಳತೆಗೇ ಬಲೆ ಹೆಣೆಸಿದ್ದಳು.

"ಸಾಕು, ಮೇಲೆ ಬಾರಮ್ಮ. ನಿನ್ನಕ್ಕ ಊಟಕ್ಕೆ ಕಾಯ್ತಿರ್ತಾಳೆ."

"ಇನ್ನೊಂದೇ ಒಂದು ಸಲ ಹಾಕ್ತೀನಿ ಭಾವ."

"ಹಾಕೋದಾದ್ರೆ ಆ ಕಡೆ ಹಾಕು. ದಿನಾ ಇಲ್ಲೇ ಯಾಕೆ ನಿಂತ್ಕೋತೀಯ?"

"ಬೇರೆ ಕಡೆ ಕಾಲು ಕೆಸರಲ್ಲಿ ಹೂತ್ಕೊಳ್ಳುತ್ತೆ. ಇಲ್ಲಾದ್ರೆ ಕೆಳಗೆ ದಪ್ಪ ಬೇರಿದೆ. ಅದರ ಮೇಲೆ ಎರಡೂ ಪಾದ ಊರಬಹುದು."

ಭಾವ ಸುತ್ತ ಕಣ್ಣಾಡಿಸಿದ. ನಾಲ್ಕೂ ಕಡೆ ಇಟ್ಟಿಗೆ ಗೋಡೆ, ಗೋಡೆಯಾಚೆ ಕಾರ್ಖಾನೆಯ ಚಿಮಣಿ. ಎಲ್ಲೂ ಒಂದು ಕಪ್ಪೆಯ ಸದ್ದೂ ಇರಲಿಲ್ಲ.

"ಬೇರು ಅಂತೀಯಲ್ಲ," ಎಂದ ಮೆಲ್ಲಗೆ, "ಇಲ್ಲಿ ಮರ ಎಲ್ಲಿದೆ?"

ಅವಳು ಬಗ್ಗಿ ನೀರಿನೊಳಗೆ ನೋಡಿದಳು. ಅಂಗಾಲಿನಡಿ ಬೇರು ನಿಧಾನವಾಗಿ ಹೊರಳಿತು. ಕೆಸರು ಕದಡಿ, ನೀರಿನಡಿಯಿಂದ ಮೂರು ಕೆಂಪು ಗೆರೆಗಳು ಮೇಲೆದ್ದು ಬಂದವು. ಅವು ಅವಳ ಪಾದದ ಬಳಿಯಿಂದ ದೋಣಿಯಡಿ ಹಾದು, ಆಚೆ ಗೋಡೆಯತ್ತ ಹರಿದುಹೋದವು. ಕಾಲಡಿಯ ಬೇರು ಇನ್ನೂ ಸರಿಯುತ್ತಲೇ ಇತ್ತು.

ಅಪ್ಪ ಬುರುಡೆ ಬಿಟ್ಟಿರಲಿಲ್ಲ. ಹಾವಿನ ಉದ್ದವನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.